ಬಾಯಿ ಬಿಡದ ಹುಡುಗಿಯ ಇಂಗ್ಲಿಷ್ ಪರೀಕ್ಷೆ

ಸುಲೇಪೇಟದ ಹತ್ತಿರದ ಒಂದು ಹಳ್ಳಿಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಹೊಸದಾಗಿ ಕಲಿಯುವ ಮಕ್ಕಳನ್ನು ಮೊದಲ ವರ್ಷ ಮಾತಾಡು ಎಂದು ಕಾಡುವುದೇ ಇಲ್ಲ. ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ, ಅವರು ಮಾಡುತ್ತಾರೆ. ಕಿಟಕಿ ತೆಗೆ ಎಂದರೆ ತೆಗೆಯಬೇಕು. ಗೆಳತಿಯ ಚೀಲ ತಂದು ನನ್ನ ಕುರ್ಚಿಯ ಮೇಲಿಡು ಎಂದರೆ ಇಡಬೇಕು. ನಡುನಡುವೆ ಬೇಕಂತಲೇ, ಕಸಬರಿಗೆಗೆ ನಮಸ್ಕಾರ ಮಾಡು ಎನ್ನುತ್ತೇನೆ. ಅರ್ಥವಾದವರು ನಗುತ್ತಾರೆ. ನನಗೆ ಅದೇ ಪರೀಕ್ಷೆ.

ಆದರೆ ನನ್ನ ಹಣೆಬರಹ, ಅದನ್ನು ಪರೀಕ್ಷೆ ಎಂದು ಬೇರೆ ಯಾರೂ ಒಪ್ಪುವುದಿಲ್ಲ. ವರ್ಷದ ಕೊನೆಗೆ ಹೊರಗಿನಿಂದ ಪರೀಕ್ಷಕರು ಬಂದು, "ವಾಟ್ ಈಸ್ ಯುವರ್ ನೇಮ್" ಎಂದು ಕೇಳುತ್ತಾರೆ. ಗಿಣಿಯಂತೆ ಒಪ್ಪಿಸಿದವರಿಗೆ ಮುಂದಿನ ವರ್ಷ ಇಂಗ್ಲಿಷ್ ಮಾಧ್ಯಮದ ವರ್ಗ. ಒಪ್ಪಿಸದವರು ಪಕ್ಕದ ಕೋಣೆಯ ಕನ್ನಡ ಮಾಧ್ಯಮದಲ್ಲೇ ಕೂರಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನ.

ಹೋದ ವರ್ಷ ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ತಾಯಿ ತಾಂಡೂರಿನ ಕಡೆಯವಳು, ಮನೆಯಲ್ಲಿ ತೆಲುಗು. ಒಂದನೇ ತರಗತಿಗೆ ಬಂದಾಗ ದೀಪಾವಳಿಯವರೆಗೂ ಕನ್ನಡದ ಒಂದು ಮಾತು ಆಡಿರಲಿಲ್ಲ. ಆಮೇಲೊಂದು ದಿನ ಊಟದ ಸಾಲಿನಲ್ಲಿ ನಡುವೆ ನುಗ್ಗಿದವಳಿಗೆ, "ಏ, ಹಿಂದ ಹೋಗು. ಮೊದಲ ನಾ ಬಂದೀನಿ" ಎಂದು ಗದರಿದಳು. ಅಂದಿನಿಂದ ಅವಳ ಮೌನಕ್ಕೆ ನಾನು ಹೆದರಿದ್ದಿಲ್ಲ. ಇಂಗ್ಲಿಷಿನಲ್ಲೂ ಅವಳು ಇನ್ನೂ ಆ ಮೌನದಲ್ಲೇ ಇದ್ದಳು. ಆದರೆ ನಾನು ಹೇಳಿದ್ದನ್ನು ಎಲ್ಲರಿಗಿಂತ ಮೊದಲು ಮಾಡುತ್ತಿದ್ದವಳೂ ಅವಳೇ.

ತೊಗರಿ ರಾಶಿ ಮುಗಿದ ಮೇಲೆ ಅವಳ ತಾಯಿ ಶಾಲೆಗೆ ಬಂದಿದ್ದಳು. "ಮೇಡಂರೀ, ನನಗಂತೂ ಓದಾಕ ಬರಲ್ಲ. ಅಕಿಗಿ ಇಂಗ್ಲಿಷ್ ಕ್ಲಾಸಿನಾಗ ಕುಂದರಸ್ರಿ. ನಿಮ್ಮ ಮ್ಯಾಲೇ ಬಿಟ್ಟೀನಿ."

"ಚಿಂತಿ ಬಿಡವ್ವ. ನಿನ್ನ ಮಗಳು ಭಾಳ ಶ್ಯಾಣ್ಯಾಕಿ ಅದಾಳ" ಎಂದಿದ್ದೆ.

ಪರೀಕ್ಷಕರು ಬಂದರು. ಹುಡುಗಿಯ ಹೆಸರು ಕೇಳಿದರು, ಊರು ಕೇಳಿದರು. ಅವಳು ಅವರ ಮುಖವನ್ನೇ ನೋಡುತ್ತ ನಿಂತಳು. ನಾನು ನಡುವೆ ಬಾಯಿ ಹಾಕಿದೆ.

"ಸರ್, ಅಕಿಗಿ ಏನರೆ ಮಾಡು ಅಂತ ಹೇಳ್ರಿ. ಮಾಡ್ತಾಳ."

"ಮಾಡೂದಕ್ಕ ಮಾರ್ಕ್ಸ್ ಎಲ್ಲದ ಮೇಡಂ? ಮಾತಾಡೂದಕ್ಕದ. ಟೈಮ್ ಆಗಲಿಕತ್ತದ."

ಆಮೇಲೆ ನನ್ನ ಕಡೆ ತಿರುಗಿ, ಹುಡುಗಿಗೆ ತಿಳಿಯದಿರಲಿ ಎಂದೇ ಇರಬೇಕು, ಇಂಗ್ಲಿಷಿನಲ್ಲಿ ಹೇಳಿದರು: ಇವಳ ತಲೆಗೆ ಏನೂ ಹತ್ತಿಲ್ಲ, ಚೀಲ ತೆಗೆದುಕೊಂಡು ಪಕ್ಕದ ಕೋಣೆಗೆ ಹೋಗಿ ಕೂರಲಿ.

ಹುಡುಗಿ ತನ್ನ ಜಾಗಕ್ಕೆ ಹೋದಳು. ಚೀಲ ಹೆಗಲಿಗೆ ಹಾಕಿಕೊಂಡಳು. ಹೊರಗೆ ಹೋಗುವಾಗ, ನಾನು ಕಲಿಸಿದ್ದಂತೆಯೇ, ಬಾಗಿಲು ಮುಂದೆ ಮಾಡಿಕೊಂಡು ಹೋದಳು.

"ಎಲ್ಲಿಗಿ ಹೊಂಟಳು ಅಕಿ?" ಎಂದರು ಪರೀಕ್ಷಕರು.

"ನೀವ ಹೇಳಿದ್ರಲ್ಲರಿ, ಅಲ್ಲಿಗೇ."

ಅವರು ಕೈಯಲ್ಲಿದ್ದ ಪೆನ್ನು ತಿರುಗಿಸಿದರು. ತಿಳಿಯಿತು ಅವರಿಗೆ, ತಿಳಿಯದೆ ಏನು. "ಇರಲಿ ಮೇಡಂ. ಮಾತಂತೂ ಆಡಲಿಲ್ಲಲ್ಲ" ಎಂದು ಮುಂದಿನ ಮಗುವನ್ನು ಕರೆದರು. ನನಗೆ ಸಿಟ್ಟು ನೆತ್ತಿಗೇರಿತು. ಆ ಪೆನ್ನು ಕಸಿದುಕೊಂಡು ಕಿಟಕಿಯಿಂದಾಚೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಎದ್ದು ಪಕ್ಕದ ಕೋಣೆಗೆ ಹೋದೆ.

ಅವಳು ಕೊನೆಯ ಸಾಲಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ದಿನಾ ಹೇಳುವಂತೆ ಇಂಗ್ಲಿಷಿನಲ್ಲೇ ಹೇಳಿದೆ: ಏಳು, ಚೀಲ ತಗೋ, ನನ್ನ ಜೊತೆ ಬಾ.

ಅವಳು ನನ್ನನ್ನು ನೋಡಿದಳು. ಹೇಳಿದ್ದು ಅರ್ಥವಾದಾಗ ಅವಳ ಮುಖ ಹೇಗಿರುತ್ತದೆಂದು ವರ್ಷವಿಡೀ ನೋಡಿದ್ದೇನೆ. ಪೂರ್ತಿ ಅರ್ಥವಾಗಿತ್ತು; ತಲೆಗೆ ಏನೂ ಹತ್ತಿಲ್ಲ ಎಂಬ ಆ ಮಾತೂ ಅರ್ಥವಾಗಿತ್ತು. ಅವಳು ಏಳಲಿಲ್ಲ.