ಮಹದೇವು ಒಯ್ಯದ ಡಬ್ಬಿ

ಹಲಗೂರಿನ ವೆಲ್ಡರ್ ಮಹದೇವುಗೆ ರಜೆ ಅನ್ನುವುದು ಹೆಸರಿಗಷ್ಟೇ. ಗಲ್ಫಿನಲ್ಲಿ ಒಂಬತ್ತು ವರ್ಷದಿಂದ ಬೆಂಕಿಯ ಮುಂದೆ ಕೂತವನು ಮೂರು ವರ್ಷಕ್ಕೊಮ್ಮೆ ನಲವತ್ತು ದಿನಕ್ಕೆ ಊರಿಗೆ ಬಂದರೆ, ಅದರಲ್ಲಿ ಅರ್ಧ ಜೆರಾಕ್ಸ್ ಅಂಗಡಿಯಲ್ಲೇ ಸವೆಯುತ್ತದೆ. ಪಾಸ್‌ಪೋರ್ಟು, ವೀಸಾ, ಕಂಪನಿಯ ಕರಾರುಪತ್ರ, ಎಲ್ಲದರದ್ದೂ ಒಂದೊಂದು ಪ್ರತಿ ಹೆಂಡತಿ ಶಶಿರೇಖಾಳ ಬೀರುವಿನಲ್ಲಿರಬೇಕು. ರಾಯಭಾರ ಕಚೇರಿಯ ಫೋನ್ ನಂಬರು ಬೀರುವಿನ ಬಾಗಿಲಿಗೇ ಅಂಟಿರಬೇಕು. ನುಂಗುವ ಬೀಪಿ ಮಾತ್ರೆಗೂ ಮಳವಳ್ಳಿಯ ಡಾಕ್ಟರ ಚೀಟಿ ಬೇಕು. ಇಷ್ಟೆಲ್ಲ ಯಾಕಪ್ಪ ಎಂದು ನಗುವವರು ನಗಲಿ. ಅಲ್ಲಿ ಸಿಕ್ಕಿಹಾಕಿಕೊಂಡರೆ ಬಿಡಿಸಲು ಹಲಗೂರಿನಿಂದ ಯಾವನೂ ಬರುವುದಿಲ್ಲ.

ಕಾಗದವಾದರೂ ಇಟ್ಟಲ್ಲಿ ಇರುತ್ತದೆ, ಜನ ಇರುತ್ತಾರೆಯೇ? ಒಬ್ಬ ಗಲ್ಫಿಗೆ ಹೊರಟನೆಂದರೆ ಸಾಕು, ಅಲ್ಲಿರುವ ತಮ್ಮ ಮಗನಿಗೋ ಅಳಿಯನಿಗೋ ಕೊಡು ಎಂದು ಗಂಟು ಹಿಡಿದು ಬಂದುಬಿಡುತ್ತಾರೆ. ಬಿಚ್ಚಿ ತೋರಿಸಿ ಅಂದರೆ ಮುಖ ಊದಿಸಿಕೊಳ್ಳುತ್ತಾರೆ. ಮಹದೇವು ಯಾರ ಗಂಟನ್ನೂ ಮುಟ್ಟುವುದಿಲ್ಲ. ಈ ಸಲ ಹದಿನಾರು ಜನಕ್ಕೆ ಇಲ್ಲ ಅಂದು ಅಂದು ಅವನ ಬಾಯಿ ಸೋತಿತ್ತು. ಹೊಳಲಿನ ನೆಂಟ ಅಂಕಯ್ಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ದುಡ್ಡು ನೋಡಿ ಇವನಿಗೆ ತಲೆ ತಿರುಗಿದೆ ಎಂದನಂತೆ. ಅಂದುಕೊಳ್ಳಲಿ ಬಿಡಿ.

ಅವನಿಗೆ ಈ ಪುಕ್ಕಲು ಹತ್ತಿದ್ದು ಪಕ್ಕದ ಮನೆಯ ಶಿವರಾಮುವಿನಿಂದ. ಮೂರು ವರ್ಷದ ಹಿಂದೆ ಅವನನ್ನು ಕೆಲಸಕ್ಕೆಂದು ಜೊತೆಯಲ್ಲಿ ಕರೆದುಕೊಂಡು ಹೋದವನು ಮಹದೇವುವೇ. ತಾಯಿ ಚಿಕ್ಕಬೋರಮ್ಮ ಮಗನ ಬ್ಯಾಗಿನಲ್ಲಿ ಬಾಡಿನ ಸಾರಿನ ಪುಡಿಯ ಡಬ್ಬಿ ಇಟ್ಟು, ರುಬ್ಬಿಕೊಳ್ಳಲಿ ಎಂದು ಒಂದು ಪೊಟ್ಟಣ ಗಸಗಸೆಯನ್ನೂ ಇಟ್ಟಿದ್ದಳು. ಗಸಗಸೆ ಇಲ್ಲದ ಬಾಡಿನ ಸಾರು ನಮ್ಮ ಕಡೆ ಯಾರಿಗೆ ಸೇರುತ್ತದೆ? ಆದರೆ ಆ ದೇಶದ ಕಾನೂನಿಗೆ ಅದು ಅಫೀಮಿನ ಬೀಜ. ವಿಮಾನ ನಿಲ್ದಾಣದಲ್ಲೇ ಹಿಡಿದರು. ಐವತ್ತೆರಡು ದಿನ ಜೈಲಿನಲ್ಲಿದ್ದು ಊರಿಗೆ ವಾಪಸಾದ ಶಿವರಾಮು, ಅವ್ವನಿಗೆ ಮಾತ್ರ ಹೇಳಬೇಡ ಎಂದು ಕೇಳಿಕೊಂಡ. ಕಂಪನಿ ಮುಚ್ಚಿತು ಎಂದು ಇಬ್ಬರೂ ಸುಳ್ಳು ಹೇಳಿದರು. ಚಿಕ್ಕಬೋರಮ್ಮ ನಂಬಲಿಲ್ಲ. ಮಗ ಕೆಲಸಕ್ಕೆ ಹೆದರಿ ಓಡಿಬಂದ ಎಂದೇ ಅವಳ ಲೆಕ್ಕ. ಈಗ ಅವನು ಹತ್ತಿರದ ಬ್ಲಫ್ ಅನ್ನುವ ಊರಿಗೆ ಕೂಲಿಗೆ ಹೋಗುತ್ತಾನೆ.

ಹೊರಡುವ ದಿನ ಬೆಳಿಗ್ಗೆ ಮದ್ದೂರಿಗೆ ಹೋಗುವ ಕಾರು ಬಾಗಿಲಿಗೆ ಬಂದು ನಿಂತಿತ್ತು. ಚಿಕ್ಕಬೋರಮ್ಮ ಡಬ್ಬಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಪುಡಿ, ಮೇಲೊಂದು ಪೊಟ್ಟಣ. ತನ್ನ ಮಗನಿಗಂತೂ ಅಲ್ಲಿ ಉಣ್ಣುವ ಯೋಗವಿರಲಿಲ್ಲ, ನೀನಾದರೂ ಉಣ್ಣು ಎಂದಳು. ಅವಳು ಮಹದೇವುವನ್ನು ಎತ್ತಿ ಆಡಿಸಿದವಳು. ಸುಮ್ಮನೆ ಇಸಕೊಂಡು ಮದ್ದೂರಿನಲ್ಲಿ ಯಾರಿಗಾದರೂ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಿದ್ದೆ ಕೆಟ್ಟು, ಮೈ ಸೋತು ನಿಂತಿದ್ದವನ ಬಾಯಿಂದ ಹದಿನಾರು ಜನಕ್ಕೆ ಹೇಳಿದ ಮಾತೇ ತಾನಾಗಿ ಬಂತು.

"ಗಸಗಸೆ ಅಲ್ಲಿ ಬುಡಕ್ಕಿಲ್ಲ ದೊಡ್ಡವ್ವ. ಹಿಡ್ದು ಜೈಲಿಗಾಕ್ತಾರೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಚಿಕ್ಕಬೋರಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ನಮ್ ಶಿವರಾಮುಗೂ ಕಟ್ಕೊಟ್ಟಿದ್ನಲ್ಲೋ ಮಾದೇವ."

ಅವನು ಇಲ್ಲವೆನ್ನಲು ನೋಡಿದ, ಆಗಲಿಲ್ಲ. ಎಷ್ಟು ದಿನ ಒಳಗಿಟ್ಟಿದ್ದರು ಎಂದು ಅವಳು ಕೇಳಿದಳು. ಹೇಳಿದ. ಅವಳು ಮೆಲ್ಲಗೆ ಜಗಲಿಯ ಮೇಲೆ ಕೂತು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಕಾರಿನವನು ಹಾರನ್ ಹೊಡೆದ. ಮಹದೇವುಗೆ ಕಾಲು ಎತ್ತಿಡಲು ಮನಸ್ಸಾಗಲಿಲ್ಲ.

"ಮೂರ್ ವರ್ಸ ದಿನಾ ಕೈಲಾಗದೋನು ಅಂತ ಬೋದು ಬೋದು ಉಣ್ಣಕ್ಕಿಕ್ಕಿವ್ನಿ," ಎಂದಳು. "ಒಂದ್ ದಿನಾನೂ ತಿರುಗ್ಸಿ ಮಾತಾಡ್ನಿಲ್ಲ ಕಣ್ಲಾ. ತಲೆ ಬಗ್ಗುಸ್ಕೊಂಡು ಉಣ್ತಿದ್ದ."