ಚಿಕ್ಕಪ್ಪನ ಬಿಗಿ ಪೆಡಲು

ನಮ್ಮ ಚಿಕ್ಕಪ್ಪನಿಗೆ ಇಬ್ಬರು ಹೆಂಡತಿಯರು ಎಂದು ಚಿಕ್ಕಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಒಬ್ಬಳು ತಾನು, ಇನ್ನೊಬ್ಬಳು ಮುಂದಿನ ಕೋಣೆಯಲ್ಲಿರುವ ಹೊಲಿಗೆ ಮಿಷನ್ನು. ಎರಡನೆಯವಳು ಎದುರು ಮಾತಾಡುವುದಿಲ್ಲ, ಅದಕ್ಕೇ ಅವಳ ಮೇಲೆ ಪ್ರೀತಿ ಜಾಸ್ತಿ ಎನ್ನುವಳು.

ಬೀದಿಗೆ ಬಾಗಿಲು ತೆರೆದ ಆ ಕೋಣೆಯೇ ದರ್ಜಿ ಅಂಗಡಿ. ಕಿಟಕಿಯ ಪಕ್ಕ ಮಿಷನ್ನು, ಮೊಳೆಗೆ ನೇತುಹಾಕಿದ ದೊಡ್ಡ ಕತ್ತರಿ, ಚಿಕ್ಕಪ್ಪನ ಕೊರಳಲ್ಲಿ ಟೇಪು, ಅಂಗಿಯ ಎಡ ಜೇಬಿನಲ್ಲಿ ಸಿಗರೇಟು ಪ್ಯಾಕು. ಪೆಡಲನ್ನು ಬರಿಗಾಲಲ್ಲೇ ತುಳಿಯಬೇಕು. ಚಪ್ಪಲಿ ಹಾಕಿದರೆ ಅದು ಹೇಳುವುದು ತನಗೆ ಕೇಳಿಸುವುದಿಲ್ಲವಂತೆ. ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿ ನಮ್ಮ ಬೀದಿಯ ಪಾಲಿಗೆ ಒಂದು ಅದ್ಭುತ. ಅವನು ಹೊಲಿದ ಪ್ಯಾಂಟು ತೊಟ್ಟರೆ ಒಂದು ಕಾಲು ಗಿಡ್ಡಗಿದ್ದವರೂ ನೆಟ್ಟಗೆ ಕಾಣುತ್ತಿದ್ದರು. ಆ ಗುಟ್ಟನ್ನು ಅವನು ಯಾರ ಹತ್ತಿರವೂ ಬಾಯಿಬಿಟ್ಟವನಲ್ಲ.

ಒಂದು ಚಳಿಗಾಲ ಮಿಷನ್ನು ಕೈಕೊಟ್ಟಿತು. ಅಂದರೆ, ಹಾಗೆಂದು ಚಿಕ್ಕಪ್ಪನ ತೀರ್ಮಾನ. ಪ್ಯಾಂಟಿನ ಉದ್ದ ಹೊಲಿಗೆ ಹಾಕುವಾಗ ಅರ್ಧಕ್ಕೇ ಪೆಡಲು ಭಾರವಾಗುತ್ತದೆ, ಬಲಗಾಲಿನ ಮೀನಖಂಡವನ್ನು ಯಾರೋ ಹಿಂಡಿದಂತಾಗುತ್ತದೆ. ಒಂದು ಸಿಗರೇಟು ಸೇದುವಷ್ಟು ಹೊತ್ತು ಸುಮ್ಮನೆ ಕೂತರೆ ಮತ್ತೆ ಹಗುರ. ಕಬ್ಬಿಣ ಬಿಸಿಯಾದರೆ ಹಿಗ್ಗಿ ಬಿಗಿಯುತ್ತದೆ, ಆರಿದರೆ ಸಡಿಲವಾಗುತ್ತದೆ ಎಂದು ನನಗೆ ಪಾಠ ಮಾಡಿದ. ಮಹಡಿಯ ಕೋಣೆಯಲ್ಲಿದ್ದುಕೊಂಡು ದಿನಾ ಅವನ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದ ನಾನು ತಲೆಯಾಡಿಸದೆ ಏನು ಮಾಡಲಿ?

ಮಿಷನ್ ರಿಪೇರಿಯವನು ಬಂದ. ಎಣ್ಣೆ ಬಿಟ್ಟದ್ದಾಯಿತು, ಬೆಲ್ಟು ಬದಲಾಯಿಸಿದ್ದಾಯಿತು, ಪೆಡಲಿನ ಸಂದುಗಳನ್ನೆಲ್ಲ ಬಿಚ್ಚಿ ಉಜ್ಜಿದ್ದಾಯಿತು. ಆದರೂ ಪೆಡಲು ಬಿಗಿ. ಕೊನೆಗೆ ಆ ಪುಣ್ಯಾತ್ಮ ತಾನೇ ಕೂತು ತುಳಿದು ನೋಡಿದ.

“ಅಣ್ಣಾ, ಇದು ಬೆಣ್ಣೆ ಥರ ಓಡ್ತಿದೆ. ಇನ್ನೂ ಬಿಗಿ ಅನ್ಸಿದ್ರೆ ಒಂದು ಮೋಟಾರ್ ಹಾಕಿಸ್ಕೊಂಡ್ಬಿಡಿ. ಕಾಲಿಗೆ ಕೆಲಸಾನೇ ಇರಲ್ಲ.”

ಚಿಕ್ಕಪ್ಪ ಹೂಂ ಎನ್ನುವವನಿದ್ದ. ಅಷ್ಟರಲ್ಲಿ ಒಳಗಿಂದ ಚಿಕ್ಕಮ್ಮ ಬಂದಳು. “ಮಂಚಕ್ಕೂ ಒಂದು ಮೋಟಾರ್ ಹಾಕ್ತೀಯೇನಪ್ಪಾ? ಇವರಿಗೆ ಮಲಗಿದ್ರೂ ಕಾಲು ನೋವು. ಆ ಕಾಲನ್ನ ಮಂಚದಿಂದ ಕೆಳಗೆ ಇಳಿಬಿಟ್ಕೊಂಡ್ರೇನೇ ನಿದ್ದೆ. ಮುಟ್ಟಿದ್ರೆ ಒಂದು ಪಾದ ಬೆಚ್ಚಗಿದೆ, ಇನ್ನೊಂದು ಮಂಜುಗಡ್ಡೆ. ಬಿಸಿನೀರಿನ ಚೀಲ ಇಟ್ಟೂ ಇಟ್ಟೂ ನನಗೆ ಸಾಕಾಯ್ತು.”

“ಇವಳದ್ದು ಯಾವಾಗಲೂ ಇದ್ದದ್ದೇ,” ಎಂದು ಚಿಕ್ಕಪ್ಪ ನಕ್ಕ.

“ರೀ, ಆ ಬೆರಳಿನ ಬಟ್ಟೆ ಬಿಚ್ಚಿ,” ಎಂದಳು ಚಿಕ್ಕಮ್ಮ.

ಬಲಗಾಲಿನ ಹೆಬ್ಬೆರಳಿಗೆ ಚಿಕ್ಕಪ್ಪ ಅಸ್ತರಿನ ಬಟ್ಟೆಯ ಚೂರೊಂದನ್ನು ಸುತ್ತಿಕೊಂಡಿದ್ದ. ಎಂದೋ ಕತ್ತರಿ ಜಾರಿ ಬಿದ್ದಾಗ ಆದ ಪುಟ್ಟ ಗಾಯ. ನಾವೆಲ್ಲ ಮರೆತೇಬಿಟ್ಟಿದ್ದೆವು. ಬಟ್ಟೆ ಬಿಚ್ಚಿದರೆ ಗಾಯ ಹಾಗೇ ಇದೆ, ಅಂಚು ಕಪ್ಪಿಟ್ಟಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ಮಿಷನ್ನಿಗೆ ಅಷ್ಟೊಂದು ಎಣ್ಣೆ ಸುರಿದ ಮನುಷ್ಯ ತನ್ನ ಕಾಲನ್ನು ಒಮ್ಮೆ ಯಾರಿಗಾದರೂ ತೋರಿಸಬಾರದಿತ್ತೇ? ಬಾಯಿಗೆ ಬಂದಂತೆ ಬೈದು, ಆಟೋ ಹತ್ತಿಸಿದೆ.

ಡಾಕ್ಟರಮ್ಮ ಪ್ಯಾಂಟಿನ ಎರಡೂ ಕಾಲು ಮಡಚಿಸಿ ನೋಡಿದರು. ಬಲಗಾಲಿನ ಚರ್ಮ ನುಣ್ಣಗೆ ಹೊಳೆಯುತ್ತಿತ್ತು, ಒಂದು ಕೂದಲೂ ಇರಲಿಲ್ಲ. ಪಾದದ ಮೇಲೆ ಬೆರಳಿಟ್ಟು ನಾಡಿಗಾಗಿ ತುಂಬ ಹೊತ್ತು ತಡಕಾಡಿದರು; ಸಿಗಲಿಲ್ಲ. ತೋಳಿಗೆ ಕಟ್ಟುವ ಬಿಪಿ ಪಟ್ಟಿಯನ್ನು ಕಣಕಾಲಿಗೂ ಕಟ್ಟಿ ಅಳೆದರು.

“ಕಾಲಿಗೆ ರಕ್ತ ಒಯ್ಯೋ ನಾಳ ಒಳಗೇ ಕಟ್ಟಿಕೊಂಡಿದೆ. ದುಡಿಯೋ ಕಾಲು ಜಾಸ್ತಿ ರಕ್ತ ಕೇಳುತ್ತೆ, ಸಿಗದೆ ನೋಯುತ್ತೆ. ಕೂತ್ರೆ ನೋವು ಹೋಗುತ್ತೆ. ಈಗ ಮಲಗಿದ್ರೂ ನೋವು ಅಂತೀರಿ, ಗಾಯಾನೂ ಮಾಗ್ತಿಲ್ಲ. ಇನ್ನು ತಡ ಮಾಡೋ ಹಾಗಿಲ್ಲ. ಆ ಬಿಸಿನೀರಿನ ಚೀಲ ಮಾತ್ರ ಇನ್ನು ಬೇಡ. ಸುಟ್ಟರೂ ಪಾದಕ್ಕೆ ಗೊತ್ತಾಗಲ್ಲ.”

“ಕಾಲು ತೆಗೀಬೇಕಾ, ಮೇಡಂ?” ಚಿಕ್ಕಪ್ಪನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಇವತ್ತೇ ದೊಡ್ಡಾಸ್ಪತ್ರೆಗೆ ಹೋದ್ರೆ ಉಳಿಸೋಕೆ ನೋಡ್ತಾರೆ. ಆದ್ರೆ ಸಿಗರೇಟು ಬಿಡ್ಬೇಕು. ಇಲ್ಲಾಂದ್ರೆ ಅವರು ತೆರೆದ ನಾಳಾನ ನೀವೇ ಮತ್ತೆ ಮುಚ್ಚಿದ ಹಾಗೆ.”

ದೊಡ್ಡಾಸ್ಪತ್ರೆಯಲ್ಲಿ ತೊಡೆಯ ಸಂದಿಯಿಂದ ತಂತಿ ತೂರಿಸಿ, ಸಣ್ಣ ಬಲೂನು ಉಬ್ಬಿಸಿ ನಾಳ ಬಿಡಿಸಿದರು. “ಪೈಜಾಮಕ್ಕೆ ಲಾಡಿ ಹಾಕಿದ ಹಾಗೆ ಹಾಕ್ಬಿಟ್ರು,” ಎಂದು ಚಿಕ್ಕಪ್ಪ ವಾರ್ಡಿನವರಿಗೆಲ್ಲ ವಿವರಿಸಿದ. ಚಿಕ್ಕಮ್ಮ ಅವನ ಬಲಪಾದವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದಳು. “ಬೆಚ್ಚಗಿದೆ ಕಣೇ,” ಎಂದು ನನಗೆ ಹೇಳಿ ಅತ್ತಳು. ನಾನೂ ಅತ್ತೆ.

ಕಾಲೇನೋ ಉಳಿಯಿತು, ಸಿಗರೇಟಿನ ಕಥೆ? ಚಿಕ್ಕಪ್ಪ ಬಿಡುತ್ತಾನೆಂದು ಬೀದಿಯಲ್ಲಿ ಒಬ್ಬರೂ ನಂಬಲಿಲ್ಲ, ನಾನಂತೂ ನಂಬಲೇ ಇಲ್ಲ. ಮನೆಗೆ ಬಂದವನು ಮಿಷನ್ನಿನ ಕಡೆ ತಿರುಗಿಯೂ ನೋಡದೆ ಬೀರು ತೆರೆದು ತನ್ನ ಅಂಗಿಗಳನ್ನೆಲ್ಲ ಹೊರಗೆ ಹಾಕಿದ. ಬ್ಲೇಡು ತೆಗೆದುಕೊಂಡು ಒಂದೊಂದರ ಜೇಬಿನ ಹೊಲಿಗೆಯನ್ನೂ ಬಿಚ್ಚತೊಡಗಿದ. ಜೇಬು ನೆಟ್ಟಗೆ ಕೂರಿಸುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ದರ್ಜಿ ಅವನು.

“ಕೈಗೆ ಬುದ್ಧಿ ಹೇಳಿದ್ರೆ ಕೇಳಲ್ಲ. ಜೇಬಿನ ಕಡೆ ಹೋದ್ರೆ ಹೋಗ್ಲಿ, ಅಲ್ಲೇನೂ ಸಿಗಬಾರದು,” ಎಂದ.

“ಕನ್ನಡಕ ಎಲ್ಲಿಡ್ತೀರಿ?” ಎಂದಳು ಚಿಕ್ಕಮ್ಮ.

“ಮೂಗಿನ ಮೇಲೆ.”

ಅದು ಸುಲಭವಾಗಿರಲಿಲ್ಲ. ಗಿರಾಕಿಗಳ ಮೇಲೆ ರೇಗಿದ, ಒಬ್ಬರ ಅಂಗಿಯ ತೋಳು ಗಿಡ್ಡ ಕತ್ತರಿಸಿದ, ಚಿಕ್ಕಮ್ಮನ ಜೊತೆ ಮಾತು ಬಿಟ್ಟ, ತಾನೇ ಸೋತು ಮಾತಾಡಿಸಿದ. ಮಾತ್ರೆ ತಪ್ಪಿಸಲಿಲ್ಲ. ಗಾಯ ನಿಧಾನವಾಗಿ ಮಾಗಿತು. ಉಗುರು ಹೋಯಿತು, ಬೆರಳು ಉಳಿಯಿತು. ಆಮೇಲೆ ಡಾಕ್ಟರಮ್ಮ ನಡಿಗೆಗೆ ಹಚ್ಚಿದರು: ನೋವು ಬರುವವರೆಗೆ ನಡೆಯಬೇಕು, ನಿಲ್ಲಬೇಕು, ನೋವು ಇಳಿದ ಮೇಲೆ ಮತ್ತೆ ನಡೆಯಬೇಕು. ಎಡಗಾಲಿನ ನಾಳವೂ ಸ್ವಲ್ಪ ಕಿರಿದಾಗಿತ್ತು, ನೋವು ಈಗ ಅದರದು. ಚಿಕ್ಕಪ್ಪ ಲೈಟು ಕಂಬ ಹಿಡಿದು ನಿಲ್ಲುತ್ತಿದ್ದ, ಮುಖ ಕಿವಿಚುತ್ತಿದ್ದ, ಮತ್ತೆ ಹೊರಡುತ್ತಿದ್ದ. ಬರಿಗಾಲು ಕೂಡದೆಂದು ಮಿಷನ್ನಿನ ಮುಂದೆಯೂ ಕ್ಯಾನ್ವಾಸ್ ಶೂ. ಯಾವ ತಂಡದ ಆಟಗಾರರು ಎಂದು ರಿಪೇರಿಯವನು ಗೇಲಿ ಮಾಡಿದರೂ ಬಿಚ್ಚಲಿಲ್ಲ. ಸಂಜೆ ಚಿಕ್ಕಮ್ಮ ಪಾದ ತೊಳೆಸಿ, ಬೆರಳ ಸಂದು ಸಂದನ್ನೂ ನೋಡುವಳು. ಅವನ ಕೈಚಳಕವನ್ನು ನಾನು ಮೊದಲಿಂದ ಮೆಚ್ಚಿದ್ದೆ. ಅವನ ಛಲವನ್ನು ಅದಕ್ಕಿಂತ ಹೆಚ್ಚು ಮೆಚ್ಚಿದ್ದು ಆಗ.

ಅವನ ಹಳೆಯ ಅಂಗಿಗಳೆಲ್ಲ ಒಗೆದು ಒಗೆದು ಬಣ್ಣ ಹೋಗಿವೆ. ಜೇಬು ಇದ್ದ ಕಡೆ ಮಾತ್ರ ಚೌಕನೆಯ ಒಂದು ತುಂಡು ಹೊಸದರಂತೆ ಕಡುಬಣ್ಣ. ಮೊನ್ನೆ ಉದ್ದ ಹೊಲಿಗೆ ಹಾಕುತ್ತಿದ್ದಾಗ ಅವನ ಕೈ ತನ್ನಷ್ಟಕ್ಕೆ ಎದ್ದು ಆ ಚೌಕವನ್ನು ತಟ್ಟಿತು. ಬಾಗಿಲಲ್ಲಿದ್ದ ಚಿಕ್ಕಮ್ಮ ಉಸಿರು ಬಿಗಿಹಿಡಿದಳು. ಕೈಗೆ ಬರೀ ಬಟ್ಟೆ ಸಿಕ್ಕಿತು. ಇಳಿದು ಮತ್ತೆ ಪ್ಯಾಂಟಿನ ಅಂಚು ಹಿಡಿಯಿತು. ಅಷ್ಟು ಹೊತ್ತೂ ಕೆಳಗೆ ಶೂ ಹಾಕಿದ ಕಾಲು ತುಳಿಯುತ್ತಲೇ ಇತ್ತು, ಹೊಲಿಗೆ ತುದಿ ಮುಟ್ಟುವವರೆಗೂ ಪೆಡಲು ನಿಲ್ಲಲಿಲ್ಲ.