ತಿಪ್ಪವ್ವ ಕೂಗಲಿಲ್ಲ

ಕುರಿಗಾಹಿ ತಿಪ್ಪವ್ವನಿಗೆ ಖಾನ್ ಎಂದು ಹೆಸರಿಟ್ಟವರು ಸವಣೂರಿನ ಖಾದರಸಾಬ, ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು. ಕುರಿ ತಿರುಗುವ ದಾರಿಗೆ ಯಾರೋ ತಂತಿ ಬಿಗಿದಾಗ, ಒಬ್ಬರ ಮುಖ ಒಬ್ಬರು ನೋಡದ ಐದು ಮನೆತನಗಳನ್ನು ಅವಳು ಬೈದು, ಕಾಡಿ, ಒಂದು ಮಾಡಿದಳು. ತಹಶೀಲ್ದಾರರ ಕಚೇರಿಯ ಮುಂದೆ ಎರಡು ಸಾವಿರ ಕುರಿ ತಂದು ನಿಲ್ಲಿಸಿದಳು. ಮೂರನೇ ದಿನ ತಂತಿ ಬಿಚ್ಚಿದರು.

"ಉಜ್ಬೇಕರ ಅಬುಲ್‌ಖೈರ್ ಖಾನ್ ಅಂತ ಇದ್ದ, ತಿಪ್ಪವ್ವ. ಆರುನೂರು ವರ್ಷದ ಹಿಂದ. ಅಲೆಯೋ ಕುಲಗಳನ್ನ ಹಿಂಗ ಕೂಡಿಸಿದ" ಎಂದರು ಮಾಸ್ತರರು.

"ಕುರಿ ಇದ್ದುವೇನ್ರಿ ಅವಂಗ?"

"ಕುರಿ, ಕುದುರಿ ಎಲ್ಲಾ."

"ಹಂಗಾರ ನಮ್ಮವನ."

ಆ ಹುಮ್ಮಸ್ಸಿನಲ್ಲೇ ತಪ್ಪಿದಳು. ಪ್ರತಿ ಮನೆಯ ಕುರಿಗೂ ಬೇರೆ ಬಣ್ಣದ ಗುರುತಿರುತ್ತದೆ. ಅವನ್ನೆಲ್ಲ ಅಳಿಸಿ, ಎಲ್ಲ ಬೆನ್ನಿಗೂ ಒಂದೇ ಕೆಮ್ಮಣ್ಣಿನ ಪಟ್ಟೆ ಬಳಿಸಿದಳು.

ಈ ಸುಗ್ಗಿಯ ನಂತರ ಉಳಿದ ಮನೆಯವರು ಬೇರೆ ಊರುಗಳ ಕಡೆ ಹೋಗಿ, ತಿಳವಳ್ಳಿಯ ಗದ್ದೆಯಲ್ಲಿ ತಿಪ್ಪವ್ವನದೂ ಅವಳ ತಮ್ಮನದೂ ಹಿಂಡುಗಳಷ್ಟೇ ಇದ್ದವು. ಅವಳೇ ಎತ್ತಿ ಬೆಳೆಸಿದ ತಮ್ಮ ಮೈಲಾರಲಿಂಗ ಬೇರೆಯಾಗುತ್ತೇನೆ ಎಂದ.

"ನಿನ್ನ ಹಿಂದ ಎಷ್ಟು ವರ್ಷ ನಡೀಲಿ, ಅಕ್ಕ? ನಂಗೂ ಮೀಸಿ ಬೆಳ್ಳಗಾತು."

"ನಿನ್ನ ಕುರಿ ಯಾವು, ಆರಿಸು ನೋಡೂಣು."

ಅವನು ಬೆನ್ನುಗಳನ್ನೇ ನೋಡುತ್ತ ನಿಂತ. ಎಲ್ಲವೂ ಕೆಂಪು.

ತಿಪ್ಪವ್ವ ಮಾಸ್ತರರಿಗೆ ಫೋನು ಹಚ್ಚಿದಳು. "ಆ ಖಾನನ ಮಂದಿ ಬಿಟ್ಟುಹೋಗ್ಲಿಲ್ಲೇನ್ರಿ?"

"ಹೋದ್ರಲ್ಲ. ಇಬ್ಬರು ಸರದಾರರು ತಮ್ಮ ಮಂದೀನ ಕರಕೊಂಡು ಹೋದ್ರು. ಅವರ ಮ್ಯಾಲ ಖಾನ ದಂಡು ಕಟಗೊಂಡು ಹೊಂಟ. ದಾರ್ಯಾಗ ಸತ್ತ."

"ಶ್ಯಾಣ್ಯಾ ಅಲ್ಲ ಬಿಡ್ರಿ."

ಗುರುತು ಕಳೆದರೆ ಕುರಿಗಾಹಿಗಳಲ್ಲಿ ಒಂದೇ ನ್ಯಾಯ. ಇಬ್ಬರೂ ಎದುರುಬದುರು ಬದುವಿನ ಮೇಲೆ ನಿಂತು ಕೂಗಬೇಕು. ಕುರಿ ಯಾರ ಕಡೆ ನಡೆಯಿತೋ ಅದು ಅವರದು. ಅರ್ಧ ಹಿಂಡು ತಿಪ್ಪವ್ವನ ಮಡಿಲಲ್ಲೇ ಹಾಲು ಕುಡಿದದ್ದು. ಅವಳು ಕೂಗಿದರೆ ತಮ್ಮನ ಕಡೆ ಒಂದೂ ಉಳಿಯುವುದಿಲ್ಲ. ಅದು ಗೊತ್ತಿದ್ದೇ ಮೈಲಾರಲಿಂಗನ ಮುಖ ಸಣ್ಣದಾಗಿತ್ತು.

"ಮೊದ್ಲ ನೀ ಕೂಗು" ಎಂದಳು.

ಕೂಗಿದ. ಅವನವು ಹೋದವು. ಅವುಗಳ ಬೆನ್ನಿಗೆ ಅವಳವೂ ಒಂದಷ್ಟು ಹೊರಟವು. ಹೋದ ಮಳೆಗಾಲದಲ್ಲಿ ಅವಳು ಹೆಗಲ ಮೇಲೆ ಹೊತ್ತು ತಂದ ಕುಂಟಿ ಕುರಿಯೂ ಹೊರಟಿತು.

"ಅಕ್ಕ, ನಿನ್ನ ಕುಂಟಿ ಬರಾಕತ್ತೇತಿ. ಕೂಗು."

ತಿಪ್ಪವ್ವ ಸೆರಗಿನ ಗಂಟು ಬಿಚ್ಚಿ, ಎರಡು ವೀಳ್ಯದೆಲೆ ಒಟ್ಟಿಗೇ ಬಾಯಿಗೆ ತುರುಕಿಕೊಂಡಳು.

"ಬಾಯಾಗ ಎಲಿ ಐತಿ, ಹೋಗು. ಕುಂಟೀನ ಏರು ಹತ್ತಿಸಬ್ಯಾಡ."